ಆಯಿಲ್ ಸೋರಿಕೆ ಸರಿಪಡಿಸಿದ ಮೇಲೆ ಹಳೆಯ ಕಾರಿನ ಫ್ಲೈವೀಲ್, ಕ್ಲಚ್ ಜೋಡಿಸುವಾಗ ಏನು ನೋಡಬೇಕು?

ಎಂಜಿನ್ ಹಿಂಬದಿಯ ಸೀಲ್ ಹೊಸದು ಹಾಕಿದ್ದೀರಿ, ಎಣ್ಣೆ ಹಿಡಿದ ಕ್ಲಚ್ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬಹುದೇ ಎಂದೂ ಕೇಳಿದ್ದೀರಿ. ಬೇಡ. ಲೈನಿಂಗ್ (ಪ್ಲೇಟಿನ ಮೇಲಿನ ಉಜ್ಜುವ ಪದರ) ಕುಡಿದ ಎಣ್ಣೆ ತೊಳೆದರೆ ಹೋಗುವುದಿಲ್ಲ. ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ, ಕ್ಲಚ್ ಜಾರುತ್ತದೆ, ಇಲ್ಲವೇ ಗಾಡಿ ಹೊರಡುವಾಗ ನಡುಗುತ್ತದೆ. ಹಳೆಯ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ, ಆ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಜೋಡಿಸುವ ಮೊದಲು ಸೋರಿದ್ದು ಯಾವ ಎಣ್ಣೆ ಎಂದು ಖಚಿತ ಮಾಡಿಕೊಳ್ಳಿ. ಗಂಧಕದ ಘಾಟು ಇದ್ದರೆ ಅದು ಗೇರ್ ಆಯಿಲ್, ಗೇರ್‌ಬಾಕ್ಸ್ ಮುಂಭಾಗದ ಸೀಲನ್ನೂ ಬದಲಿಸಬೇಕು. ಎಂಜಿನ್ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ದಾರಿ) ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡವೇ ಹೊಸ ಸೀಲಿನಿಂದಲೂ ಎಣ್ಣೆ ದೂಡುತ್ತದೆ.

ಹೆಚ್ಚಿನವರು ಮರೆಯುವುದು ಫ್ಲೈವೀಲ್ (ಎಂಜಿನ್ ಹಿಂಬದಿಯ ಭಾರದ ಚಕ್ರ) ಬೋಲ್ಟ್‌ಗಳನ್ನು. ಕೆಲವು ಎಂಜಿನ್‌ಗಳಲ್ಲಿ ಇವುಗಳ ರಂಧ್ರ ಕ್ರ್ಯಾಂಕ್ ಫ್ಲೇಂಜನ್ನು (ಫ್ಲೈವೀಲ್ ಕೂರುವ, ಕ್ರ್ಯಾಂಕ್ ಶಾಫ್ಟಿನ ತುದಿಯ ಚಪ್ಪಟೆ ಭಾಗ) ದಾಟಿ ಎಣ್ಣೆಯಿರುವ ಜಾಗಕ್ಕೇ ತೆರೆದಿರುತ್ತದೆ. ಥ್ರೆಡ್ ಮೂಲಕ ಇಳಿಯುವ ಎಣ್ಣೆಯನ್ನು ನೋಡಿ, ಸೀಲ್ ಕೆಟ್ಟಿತೆಂದು ಮತ್ತೆ ಗೇರ್‌ಬಾಕ್ಸ್ ಬಿಚ್ಚುತ್ತಾರೆ. ರಂಧ್ರ ಹಾಗೆ ತೆರೆದಿದ್ದರೆ ಎಣ್ಣೆ ಪಸೆ ಪೂರ್ತಿ ತೆಗೆದು ಥ್ರೆಡ್ ಸೀಲೆಂಟ್ ಹಚ್ಚಿ. ಮಡಿಸುವ ಲಾಕ್ ವಾಷರ್ ಇದ್ದಲ್ಲಿ ಹೊಸದನ್ನೇ ಹಾಕಿ. ಟಾರ್ಕ್ (ಬೋಲ್ಟ್ ಬಿಗಿಯುವ ಬಲ) ಎಷ್ಟೆಂಬುದು ನಿಮ್ಮ ಗಾಡಿಯ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿರುತ್ತದೆ; ಎದುರುಬದುರು ಬೋಲ್ಟ್‌ಗಳನ್ನು ಮೂರು ಹಂತದಲ್ಲಿ ಬಿಗಿಯಿರಿ. ಫ್ಲೈವೀಲ್ ಕೂರುವ ಮುಖದಲ್ಲಿ ಒಂದು ಚೂರು ಕಸ ಉಳಿದರೂ ಫ್ಲೈವೀಲ್ ಓಲಾಡುತ್ತದೆ. ಡಯಲ್ ಗೇಜ್ (ಸಣ್ಣ ಓಲಾಟ ಅಳೆಯುವ ಮುಳ್ಳಿನ ಮಾಪಕ) ಇಟ್ಟು ತಿರುಗಿಸಿ ನೋಡಿ. ಅಂಚಿನ ಬಳಿ ಓಲಾಟ 0.1 ಮಿ.ಮೀ. ದಾಟಿದರೆ ಬಿಚ್ಚಿ ಮತ್ತೆ ಒರೆಸಿ. ಟೈಮಿಂಗ್ ಗುರುತು ಫ್ಲೈವೀಲ್ ಮೇಲಿದ್ದರೆ ಮೊದಲಿದ್ದ ಸ್ಥಾನಕ್ಕೇ ಕೂರಿಸಿ.

ಕಂಚಿನ ಪೈಲಟ್ ಬುಷ್ (ಗೇರ್‌ಬಾಕ್ಸ್ ಶಾಫ್ಟಿನ ತುದಿ ಕೂರುವ ಚಿಕ್ಕ ಬಳೆ) ಇದ್ದರೆ ಹೊಸದನ್ನು ಒಂದು ರಾತ್ರಿ ಎಂಜಿನ್ ಆಯಿಲ್‌ನಲ್ಲಿ ನೆನೆಸಿಡಿ. ರಿಲೀಸ್ ಬೇರಿಂಗನ್ನು (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್) ಮಾತ್ರ ಯಾವ ದ್ರಾವಣದಲ್ಲೂ ಅದ್ದಬೇಡಿ, ಒಳಗಿನ ಗ್ರೀಸ್ ತೊಳೆದುಹೋಗುತ್ತದೆ.

ಕ್ಲಚ್ ಪ್ಲೇಟಿನ ಉಬ್ಬಿದ ಭಾಗ ಸಾಮಾನ್ಯವಾಗಿ ಗೇರ್‌ಬಾಕ್ಸ್ ಕಡೆಗೆ ಬರುತ್ತದೆ. ಪ್ಲೇಟಿನ ಮೇಲೆ ಗುರುತಿದ್ದರೆ ಅದನ್ನೇ ನಂಬಿ. ತಿರುಗಿಸಿ ಹಾಕಿದರೆ ನಡುಭಾಗ ಫ್ಲೈವೀಲ್ ಬೋಲ್ಟ್‌ಗಳಿಗೆ ತಗುಲಿ ಕ್ಲಚ್ ಬಿಡುವುದೇ ಇಲ್ಲ. ಪ್ಲೇಟನ್ನು ನಡುವಿಗೆ ಸರಿಯಾಗಿ ಕೂರಿಸುವ ಸೆಂಟರಿಂಗ್ ಟೂಲ್ ಇಲ್ಲದಿದ್ದರೆ ಗೇರ್‌ಬಾಕ್ಸಿನ ಹಳೆಯ ಇನ್‌ಪುಟ್ ಶಾಫ್ಟ್ ಸಾಕು. ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟಿನ (ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ, ಕವರ್ ಒಳಗಿನ ತಟ್ಟೆ) ಮುಖಗಳನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಆಮೇಲೆ ಬೆರಳು ತಾಗಿಸಬೇಡಿ. ಕವರ್ ಬೋಲ್ಟ್‌ಗಳನ್ನು ಒಂದೊಂದೇ ಸುತ್ತಿನಂತೆ ಎದುರುಬದುರಾಗಿ ಬಿಗಿಯಬೇಕು. ಒಂದೇ ಬದಿ ಬಿಗಿದರೆ ಕವರ್ ಸೊಟ್ಟಗಾಗಿ ಹೊಸ ಕ್ಲಚ್ಚೂ ನಡುಗುತ್ತದೆ. ಇನ್‌ಪುಟ್ ಶಾಫ್ಟಿನ ಸ್ಪ್ಲೈನ್‌ಗೆ (ಪ್ಲೇಟ್ ಹೊಂದುವ ಉದ್ದುದ್ದ ಹಲ್ಲುಗಳು) ತೆಳುವಾಗಿ ಗ್ರೀಸ್ ಸವರಿ, ಪ್ಲೇಟನ್ನು ಒಮ್ಮೆ ಜಾರಿಸಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಇಲ್ಲದಿದ್ದರೆ ಅದೇ ಎರಚಿ ಲೈನಿಂಗ್ ಕೆಡಿಸುತ್ತದೆ.

ಗೇರ್‌ಬಾಕ್ಸ್ ಕೂರಿಸುವಾಗ ಅದರ ಭಾರ ಒಂದು ಕ್ಷಣವೂ ಶಾಫ್ಟಿನ ಮೇಲೆ ತೂಗಬಾರದು, ಪ್ಲೇಟಿನ ನಡುಭಾಗ ಬಗ್ಗುತ್ತದೆ. ಕೆಳಗೆ ಜ್ಯಾಕ್ ಇರಲಿ. ಕೊನೆಯ ಸ್ವಲ್ಪ ಅಂತರ ಮುಚ್ಚದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ. ಗೇರ್ ಹಾಕಿ ಹಿಂಬದಿ ಶಾಫ್ಟನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ, ಸ್ಪ್ಲೈನ್ ಹೊಂದಿದ ಕೂಡಲೇ ತಾನೇ ಒಳಗೆ ಜಾರುತ್ತದೆ. ಬೋಲ್ಟ್ ಹಾಕುವುದು ಆಮೇಲೆ.