ಕೂಸಿಗೂ ಮರಗಟ್ಟಿಸುವ ಮದ್ದು ಬೇಕೇ?

ಪ್ರಶ್ನೆ: ಮಗನಿಗೆ ನಲವತ್ತು ದಿನ, ಮುಂದಿನ ವಾರ ಸುನ್ನತ್. ಇಷ್ಟು ಸಣ್ಣ ಮಗುವಿಗೆ ಏನೂ ನೆನಪಿರುವುದಿಲ್ಲ, ಮರಗಟ್ಟಿಸುವ ಚುಚ್ಚುಮದ್ದು ದಂಡ ಎಂದು ಹಿರಿಯರು ಹೇಳುತ್ತಾರೆ. ನಿಜವೇ?
– ಓದುಗರು, ಉಪ್ಪಳ

ಉತ್ತರ: ಮಂಜೇಶ್ವರದಿಂದ ಬದಿಯಡ್ಕದವರೆಗೆ ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ಆ ಹಿರಿಯರು ತಮ್ಮ ಹಲ್ಲು ಕೀಳಿಸುವಾಗ ಮದ್ದು ಬೇಡ ಎಂದಿದ್ದರೇ?

ಅವರನ್ನಷ್ಟೇ ಬೈಯುವಂತಿಲ್ಲ. 1980ರ ದಶಕದಲ್ಲೂ ಮುಂದುವರಿದ ದೇಶಗಳ ವೈದ್ಯರೇ ನವಜಾತ ಶಿಶುಗಳಿಗೆ ತೀರಾ ಕಡಿಮೆ ಅರಿವಳಿಕೆ ಕೊಟ್ಟು ಶಸ್ತ್ರಕ್ರಿಯೆ ಮಾಡುತ್ತಿದ್ದರು. ಸರಿಯಾದ ನೋವು ನಿವಾರಕ ಪಡೆದ ಅವಧಿಪೂರ್ವ ಶಿಶುಗಳಲ್ಲಿ ಒತ್ತಡದ ಹಾರ್ಮೋನುಗಳೂ ತೊಡಕುಗಳೂ ಕಡಿಮೆ ಎಂದು ಭಾರತ ಮೂಲದ ವೈದ್ಯ ಆನಂದ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಎಳೆಯ ಮಗುವಿಗೆ ನೋವು ತಟ್ಟುತ್ತದೆ; ಅದನ್ನು ತಗ್ಗಿಸುವ ನರವ್ಯವಸ್ಥೆ ಮಾತ್ರ ಇನ್ನೂ ಬಲಿತಿರುವುದಿಲ್ಲ. ಅತ್ತು ಸೋತು ಮಲಗಿದ ಮಗುವನ್ನು ತೋರಿಸಿ ‘ನೋಡಿ, ಏನೂ ಆಗಿಲ್ಲ’ ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ.

ಇನ್ನು ನೆನಪು. ಕೆನಡಾದ ಅನ್ನಾ ಟಾಡಿಯೊ ತಂಡ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4 ಅಥವಾ 6 ತಿಂಗಳಲ್ಲಿ ಲಸಿಕೆ ಪಡೆದ ಗಂಡುಮಕ್ಕಳನ್ನು ಗಮನಿಸಲಾಯಿತು. ಎಳೆತನದಲ್ಲಿ ಮರಗಟ್ಟಿಸದೆ ಮುಂದೊಗಲು ತೆಗೆಸಿಕೊಂಡವರಿಗೆ ಲಸಿಕೆಯ ನೋವು ಎಲ್ಲರಿಗಿಂತ ಜೋರು. ಮರಗಟ್ಟಿಸುವ ಮುಲಾಮು ಹಚ್ಚಿಸಿಕೊಂಡಿದ್ದವರದು ನಡುವೆ, ಸುನ್ನತ್ ಆಗದವರದು ಎಲ್ಲಕ್ಕಿಂತ ಕಡಿಮೆ. ಕಥೆಯಾಗಿ ಹೇಳಲು ಬಾರದ ನೆನಪು ನರಗಳಲ್ಲಿ ಉಳಿದಿತ್ತು.

ಹಾಗೆಂದು ‘ಮಗ ಜೀವನವಿಡೀ ಮನೋರೋಗಿಯಾಗುತ್ತಾನೆ’ ಎಂಬ ವೀಡಿಯೊಗಳನ್ನು ನಂಬಬೇಡಿ. ಕೆಲವು ತಿಂಗಳ ಪರಿಣಾಮ ಅಳತೆಗೆ ಸಿಕ್ಕಿದೆ, ಆಯುಷ್ಯದುದ್ದಕ್ಕೂ ಎಂಬುದು ಸಾಬೀತಾಗಿಲ್ಲ. ಸಂಮೋಹನದಿಂದ ‘ಶೈಶವದ ಗಾಯ’ ತೊಳೆಯುತ್ತೇನೆ ಎಂದು ಶುಲ್ಕ ವಸೂಲು ಮಾಡುವವರು ಸಾಂಪ್ರದಾಯಿಕವಾಗಿ ಸುನ್ನತ್ ಮಾಡುವ ಕ್ಷೌರಿಕ ಒಸ್ಸಾನ್‌ಗಿಂತ ಅಪಾಯಕಾರಿ. ಒಸ್ಸಾನ್ ಕೊಯ್ಯುವುದು ಒಂದೇ ಸಲ.

ಮುಲಾಮೊಂದೇ ಸಾಲದು. ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಶಿಶ್ನದ ಬುಡದ ನರಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಡದ ಜಾಗದಲ್ಲಿ ನನ್ನ ಮೊಮ್ಮಗನನ್ನು ನಾನು ಮಲಗಿಸಲಾರೆ. ಮನೆತನದಲ್ಲಿ ರಕ್ತ ನಿಲ್ಲದ ಕಾಯಿಲೆ ಇದ್ದರೆ ಮೊದಲೇ ಹೇಳಿಬಿಡಿ. ಒಂದೆರಡು ವರ್ಷ ಕಾದರೆ ಮುಳುಗುವುದೇನೂ ಇಲ್ಲ.

ಪ್ರಶ್ನೆ: ಮೂತ್ರದ ರಂಧ್ರ ತುದಿಯಲ್ಲಿಲ್ಲ, ಕೆಳಗಿದೆ. ಸುನ್ನತ್ ಮಾಡಿಸಬಹುದೇ?
ಉತ್ತರ: ಕೂಡದು. ಆ ಚರ್ಮವೇ ಮುಂದೆ ರಂಧ್ರ ಸರಿಪಡಿಸಲು ಬೇಕಾಗುತ್ತದೆ. ಮಕ್ಕಳ ಶಸ್ತ್ರಚಿಕಿತ್ಸಕರಿಗೆ ತೋರಿಸಿ.

ಪ್ರಶ್ನೆ: ಒಂದು ವರ್ಷದ ಮಗನ ಮುಂದೊಗಲು ಹಿಂದೆ ಸರಿಯುತ್ತಿಲ್ಲ. ಎಣ್ಣೆ ಹಚ್ಚಿ ಎಳೆಯಲೇ?
ಉತ್ತರ: ಎಳೆಯಬೇಡಿ. ಆ ವಯಸ್ಸಿಗೆ ಅದು ಸಹಜ. ಎಣ್ಣೆಯನ್ನು ಒಗ್ಗರಣೆಗೆ ಬಳಸಿ.