ಊರಿನ ಕೆರೆ ಬಗ್ಗೆ ಪ್ರಬಂಧ ಬರೆಯಬೇಕು, ಹಿನ್ನೆಲೆ ಮಾಹಿತಿ ಎಲ್ಲಿ ಸಿಗುತ್ತದೆ?

ಗೌರಿಬಿದನೂರು ಕಡೆಯ ಒಂದು ಕೆರೆ ಬಗ್ಗೆ ಎಂ.ಎ. ಪ್ರಬಂಧ ಬರೀತಿದ್ದೀನಿ, ಗೂಗಲ್ ಮಾಡಿದರೆ ಏನೂ ಸಿಗುತ್ತಿಲ್ಲ ಎಂದಿದ್ದೀರಿ. ನಾನು ಬಂಗಾರಪೇಟೆಯವನು. ಓದುವಾಗ ನನ್ನದೂ ಇದೇ ಗೋಳು.

ಹಳೆ ಪುಸ್ತಕಗಳಲ್ಲಿ ಎರಡು ದಿನ ‘ಬಂಗಾರಪೇಟೆ’ ಅಂತ ತಡಕಾಡಿದೆ. ಒಂದು ಸಾಲೂ ಸಿಗಲಿಲ್ಲ. ಕೊನೆಗೆ ಲೈಬ್ರರಿಯಲ್ಲಿ ಹಿರಿಯರೊಬ್ಬರು ನಕ್ಕು, ‘ಬೌರಿಂಗ್‌ಪೇಟೆ ಅಂತ ನೋಡಪ್ಪ’ ಎಂದರು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರು ಅದು. ನಮ್ಮೂರಿನ ಹಳೆ ಹೆಸರೇ ನನಗೆ ಗೊತ್ತಿರಲಿಲ್ಲ!

ನಿಮಗೂ ಮೊದಲು ಬೇಕಾಗಿರುವುದು ಹುಡುಕುವ ಪದ. ನಿಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದೇ 2007ರಲ್ಲಿ ಅಲ್ವಾ? ಅದಕ್ಕಿಂತ ಹಿಂದಿನದೆಲ್ಲ ಕೋಲಾರದ ಲೆಕ್ಕದಲ್ಲಿದೆ. 1968ರ ಕೋಲಾರ ಜಿಲ್ಲಾ ಗೆಜೆಟಿಯರ್‌ನಿಂದ, ಅಂದರೆ ಜಿಲ್ಲೆಯ ಬಗ್ಗೆ ಸರ್ಕಾರ ತಂದ ಮಾಹಿತಿ ಪುಸ್ತಕದಿಂದ, ಶುರು ಮಾಡಿ. ಪೂರ್ತಿ ಓದಬೇಡಿ, ಇತಿಹಾಸ ಮತ್ತು ನೀರಾವರಿಯ ಪುಟಗಳು ಸಾಕು.

ಆಮೇಲೆ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’, ಕೋಲಾರ ಜಿಲ್ಲೆಯ 10ನೇ ಸಂಪುಟ, 1905ರದ್ದು. ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಶಾಸನಗಳು ತಾಲ್ಲೂಕುವಾರು ಇವೆ. ಯಾವ ಊರಲ್ಲಿ, ಎಲ್ಲಿ ನೆಟ್ಟ ಕಲ್ಲು ಎಂಬುದೂ ಇದೆ. ಹಳಗನ್ನಡ ಕಷ್ಟ ಅನಿಸಿದರೆ ಇಂಗ್ಲಿಷ್ ಅನುವಾದ ಅದರಲ್ಲೇ ಇದೆ. ನಿಮ್ಮೂರು ಕಾಣಿಸದಿದ್ದರೆ ಅಕ್ಕಪಕ್ಕದ ಊರುಗಳನ್ನು ನೋಡಿ. ಕೆರೆ ನೀರು ಊರಿನ ಗಡಿ ನೋಡಿ ಹರಿಯುವುದಿಲ್ಲ.

ಅಲ್ಲಿ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಅಂಥ ಪದಗಳು ಎದುರಾಗುತ್ತವೆ. ನಾನು ಸುಮ್ನೆ ದಾಟಿಕೊಂಡು ಹೋಗಿದ್ದೆ. ಸಾಹಿತ್ಯ ಪರಿಷತ್ತಿನ ನಿಘಂಟು ತೆಗೆದ ಮೇಲೆ ಗೊತ್ತಾಯಿತು, ಕೆರೆ ಕಟ್ಟಿದ್ದಕ್ಕೆ, ಅದನ್ನು ನೋಡಿಕೊಳ್ಳುವುದಕ್ಕೆ ಬಿಟ್ಟುಕೊಟ್ಟ ಜಮೀನು ಅದು. ನನ್ನ ಪ್ರಬಂಧದ ಒಂದು ಅಧ್ಯಾಯ ಆ ಒಂದು ಪದದಿಂದಲೇ ಹುಟ್ಟಿತು. 8 ಸಂಪುಟದ ನಿಘಂಟು, ದೊಡ್ಡ ಲೈಬ್ರರಿಗಳಲ್ಲಿ ಇರುತ್ತದೆ.

ಈಚಿನ ಕಾಲದ ಅಂಕಿ ಬೇಕಾದರೆ 2011ರ ಜನಗಣತಿಯ ಜಿಲ್ಲಾ ಕೈಪಿಡಿ ನೋಡಿ, ಹಳ್ಳಿವಾರು ನೀರಾವರಿ ಜಮೀನಿನ ಲೆಕ್ಕ ಇದೆ. ವಿಕಿಪೀಡಿಯ ಓದಿ, ತಪ್ಪಿಲ್ಲ. ಆದರೆ ಅದನ್ನೇ ಆಕರ ಅಂತ ಹಾಕಿದರೆ ಗೈಡ್ ಬೈತಾರೆ. ಪುಟದ ಕೆಳಗಿರುವ ಅಡಿಟಿಪ್ಪಣಿ ಹಿಡಿದು ಮೂಲಕ್ಕೆ ಹೋಗಿ.

ಹಾಂ, ಒಂದು ಮರೆತೆ. ರೈಸ್ ಪುಸ್ತಕದಲ್ಲಿ ನಿಮ್ಮ ತಾಲ್ಲೂಕು ‘ಗೋರಿಬಿದ್ನೂರ್’. ಹುಡುಕುವಾಗ ಇಂಗ್ಲಿಷಿನಲ್ಲಿ ಹಾಗೇ ಟೈಪ್ ಮಾಡಿ.