ತಿಥಿ ಕಾರ್ಡಿನಂಥ ಲಗ್ನಪತ್ರಿಕೆ

ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ಕೆಲಸ, ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಸುಳ್ಳು ಹೆಸರೂ ಬೇಡ ಎಂದರು, ಹಾಗಾಗಿ ಹುಡುಗ, ಹುಡುಗಿ ಎಂದೇ ಕರೆಯುತ್ತೇನೆ.

2024ರ ಮಾರ್ಚ್ ಮೂರನೇ ವಾರ. ಚಿಕ್ಕಮಗಳೂರಿನ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಜೊತೆಯಾಗಿಯೇ ಬಂದರು, ಆದರೆ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತರು. ಒಂಬತ್ತು ದಿನದಿಂದ ಮಾತಿಲ್ಲ. ಮದುವೆಗೆ ಉಳಿದದ್ದು ಒಂದೇ ತಿಂಗಳು. ಆ ವರ್ಷ ಗುರು, ಶುಕ್ರ ಗ್ರಹಗಳು ಕಾಣದಾಗುವ ಅಸ್ತಕಾಲ ಬಂದು ಮೇ, ಜೂನ್‌ನಲ್ಲಿ ಮುಹೂರ್ತವೇ ಇರಲಿಲ್ಲ. ದಿನ ಮುಂದೆ ಹಾಕುವ ಮಾತೇ ಇಲ್ಲ. ಏಪ್ರಿಲ್ 26ಕ್ಕೆ ನಮ್ಮಲ್ಲಿ ಲೋಕಸಭೆ ಚುನಾವಣೆ ಬೇರೆ. ಪ್ರೆಸ್‌ನವರು ತಡ ಮಾಡಬೇಡಿ ಎನ್ನುತ್ತಿದ್ದರು. ಲಗ್ನಪತ್ರಿಕೆ ಮಾತ್ರ ಇನ್ನೂ ಹುಡುಗಿಯ ಲ್ಯಾಪ್‌ಟಾಪಿನಲ್ಲೇ ಇತ್ತು.

ಅವಳು ಬೆಂಗಳೂರಿನಲ್ಲಿ ಡಿಸೈನ್ ಕೆಲಸ ಮಾಡುವವಳು. ತನ್ನ ಮದುವೆಯ ಪತ್ರಿಕೆಯನ್ನು ತಾನೇ ಮಾಡಿದ್ದಳು. ಕೆನೆ ಬಣ್ಣದ ದಪ್ಪ ಕಾಗದ, ಮೂಲೆಯಲ್ಲಿ ಗೆರೆಯಲ್ಲಿ ಬರೆದ ಕಾಫಿ ಹೂವಿನ ಗೊಂಚಲು, ಕೆಳಗೆ ಕಪ್ಪು ಅಕ್ಷರದಲ್ಲಿ ಏಳು ಸಾಲು ಸರಳ ಕನ್ನಡ. ನನಗಂತೂ ಚೆಂದವೇ ಕಂಡಿತು. ಹುಡುಗನ ತಾಯಿ ಒಮ್ಮೆ ನೋಡಿ, "ಇದೇನಮ್ಮ, ತಿಥಿ ಕಾರ್ಡ್ ಇದ್ದ ಹಾಗಿದೆ" ಎಂದುಬಿಟ್ಟರು. ಮರುದಿನ ದೊಡ್ಡಪ್ಪ ಒಂದು ಸ್ಯಾಂಪಲ್ ತಂದಿಟ್ಟರು: ಮೆರೂನ್ ಡಬ್ಬಿ, ಒಳಗೆ ಲೇಸರ್ ಕಟ್ ಗಣಪತಿ, ಮೂರು ಹಾಳೆ, ಒಂದಕ್ಕೆ 95 ರೂಪಾಯಿ. ಸಾವಿರ ಬೇಕು ಎಂದರು. ಹುಡುಗ ಎರಡೂ ಕಡೆ ತಲೆಯಾಡಿಸಿದ್ದ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಇದು ದುಡ್ಡು ಮತ್ತು ಅಭಿರುಚಿಯ ಜಗಳ ಎಂದುಕೊಂಡು ಮೊದಲ ಭೇಟಿಯನ್ನೆಲ್ಲ ಲೆಕ್ಕದಲ್ಲೇ ಕಳೆದೆ. ಲೆಕ್ಕ ಕೆಲಸಕ್ಕೆ ಬಾರದ್ದೇನೂ ಅಲ್ಲ. "ಸಾವಿರ ಕಾರ್ಡ್ ಯಾರಿಗೆ?" ಎಂದು ಕೇಳಿದರೆ ಇಬ್ಬರಿಗೂ ಗೊತ್ತಿರಲಿಲ್ಲ. ಜನರನ್ನಲ್ಲ, ಮನೆಗಳನ್ನು ಎಣಿಸಿ ಎಂದೆ. ಅಲ್ಲೇ ಕೂತು ಫೋನ್ ಮಾಡಿ ಎಣಿಸಿದರು. ಕುಂಕುಮ ಇಟ್ಟು, ಎಲೆ ಅಡಿಕೆ ಕೊಟ್ಟು ಕರೆಯಲೇಬೇಕಾದ ಮನೆಗಳು ಎರಡೂ ಕಡೆ ಸೇರಿ 430. ಉಳಿದವರು ಸ್ನೇಹಿತರು, ಆಫೀಸಿನವರು; ಅವರಿಗೆ ವಾಟ್ಸ್‌ಆ್ಯಪ್ ಸಾಕು. ಪ್ರಿಂಟಿಂಗ್ ಬಗ್ಗೆ ಹುಡುಗಿಯೇ ನನಗೆ ಪಾಠ ಮಾಡಿದಳು. ಆಫ್‌ಸೆಟ್‌ನಲ್ಲಿ ಪ್ಲೇಟ್ ಮಾಡಿ ಮೆಷಿನ್‌ಗೆ ಹಾಕುವ ಖರ್ಚು ನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಅದಕ್ಕೇ ಕಡಿಮೆ ಮಾಡಿಸಿದರೆ ಒಂದೊಂದರ ಬೆಲೆ ಏರುತ್ತದೆ, ನೂರಿನ್ನೂರಕ್ಕಾದರೆ ಡಿಜಿಟಲ್ ವಾಸಿ. ಚಿನ್ನದ ಫಾಯಿಲ್‌ಗೆ ಬೇರೆ ಅಚ್ಚು, ಉಬ್ಬಚ್ಚಿಗೆ ಇನ್ನೊಂದು, ಕತ್ತರಿಸುವ ಆಕಾರಕ್ಕೆ ಮತ್ತೊಂದು. ಪ್ರತಿಯೊಂದಕ್ಕೂ ಕಾಗದ ಇನ್ನೊಮ್ಮೆ ಯಂತ್ರಕ್ಕೆ ಹೋಗಬೇಕು. ಡಬ್ಬಿಯ ದುಡ್ಡೆಲ್ಲ ಹೋಗುವುದು ಅಲ್ಲಿಗೆ. ಪತ್ರಿಕೆಗೆ ಒಟ್ಟು 15,000 ದಾಟುವುದಿಲ್ಲ ಎಂದು ಇಬ್ಬರೂ ಬರೆದುಕೊಂಡರು. ನಾನು ಬೀಗಿದೆ. ಎದ್ದು ಹೋಗುವಾಗ ನೋಡಿದರೆ ಖಾಲಿ ಕುರ್ಚಿ ಖಾಲಿಯಾಗಿಯೇ ಇತ್ತು.

ಎರಡನೇ ಸಲ ತಾಯಿಯನ್ನೂ ಕರೆಸಿದೆ. ಮನೆಯಲ್ಲಿ ಎತ್ತಿಟ್ಟ ಹಳೆಯ ಪತ್ರಿಕೆಗಳಿದ್ದರೆ ತನ್ನಿ ಎಂದಿದ್ದೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಕ್ಯಾಲೆಂಡರಿನ ಹಿಂದೆಯೋ ಬೀರುವಿನ ಮೇಲೋ ಒಂದು ಚೀಲ ಇರುತ್ತದಲ್ಲ. ಆಕೆ ಜವಳಿ ಅಂಗಡಿಯ ಚೀಲದಲ್ಲಿ ತಂದರು. ಅಂಚಿಗೆ ಅರಿಶಿನ ಹಚ್ಚಿದ ಮದುವೆ ಪತ್ರಿಕೆಗಳು, ಗೃಹಪ್ರವೇಶದವು. ತಳದಲ್ಲಿ ಒಂದು ಕಾರ್ಡು. ಕೆನೆ ಬಣ್ಣದ ಕಾಗದ, ಕಪ್ಪು ಅಕ್ಷರ, ಮೂಲೆಯಲ್ಲೊಂದು ಹೂವು. ಆಕೆಯ ಗಂಡ ಮೂರು ವರ್ಷದ ಹಿಂದೆ ತೀರಿಕೊಂಡಾಗಿನ ಕೈಲಾಸ ಸಮಾರಾಧನೆಯ ಕಾರ್ಡು. ಹುಡುಗಿ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಏನೂ ಹೇಳಲಿಲ್ಲ. ಅಷ್ಟು ದಿನ ಅತ್ತೆ ತನ್ನ ಕಲೆಯನ್ನು ಹೀಗಳೆದರು ಎಂದುಕೊಂಡಿದ್ದಳು.

"ನನಗೆ ಹೇಳೋಕೆ ಬರ್ಲಿಲ್ಲ ಕಣಮ್ಮ" ಎಂದರು ತಾಯಿ. ಹುಡುಗ ಆಗ ತಲೆ ಎತ್ತಿದ. ಅದನ್ನು ಅಚ್ಚು ಹಾಕಿಸಿದವನು ಅವನೇ. ಮರೆತಿದ್ದ.

ಇನ್ನೊಂದು ಮುಳ್ಳೂ ಅದೇ ಚೀಲದಿಂದ ಹೊರಬಂತು. ಹುಡುಗಿ ಬರೆದ ಏಳು ಸಾಲಿನಲ್ಲಿ ಕರೆಯುವವರ ಜಾಗದಲ್ಲಿ ತಾಯಿಯ ಹೆಸರೇ ಇತ್ತು. ದೊಡ್ಡಪ್ಪ ತಂದ ಮಾದರಿಯಲ್ಲಿ ಅಲ್ಲಿ ದೊಡ್ಡಪ್ಪ ದೊಡ್ಡಮ್ಮನ ಹೆಸರು. ತಾಯಿ "ದಿ॥" ಎಂದು ಶುರುವಾಗುವ ಸಾಲಿನ ಕೊನೆಗೆ ಸಣ್ಣಕ್ಷರದಲ್ಲಿ ಮಾತ್ರ. ಗಂಡನಿಲ್ಲದವಳು ಶುಭಕಾರ್ಯಕ್ಕೆ ಹೇಗೆ ಕರೆಯುತ್ತಾಳೆ ಎನ್ನುವುದು ದೊಡ್ಡಪ್ಪನ ವಾದ. ನಾನು ಸಾಮಾನ್ಯವಾಗಿ ಸಂಪ್ರದಾಯದ ವಿಷಯದಲ್ಲಿ ಪಕ್ಷ ವಹಿಸುವುದಿಲ್ಲ. ಅವತ್ತು ವಹಿಸಿದೆ. ತೋಟ ನೋಡಿಕೊಂಡು, ಕೂಲಿ ಬಟವಾಡೆ ಮಾಡಿ, ಸಾಲ ತೀರಿಸಿ ಮಗನನ್ನು ಓದಿಸಿದವರು ಆ ಮಗನ ಮದುವೆಗೆ ಕರೆಯಬಾರದು ಎಂದರೆ ಮತ್ತ್ಯಾರು ಕರೆಯಬೇಕು? ಆದರೆ ಇದನ್ನು ದೊಡ್ಡಪ್ಪನಿಗೆ ಹೇಳಬೇಕಾದವಳು ಸೊಸೆಯಲ್ಲ, ತಾಯಿಯೂ ಅಲ್ಲ, ಹುಡುಗ. ಅವನಿಗೆ ನಾನು ಕೊಟ್ಟ ಕೆಲಸ ಅದೊಂದೇ. ಎರಡೂ ಕಡೆ ತಲೆಯಾಡಿಸುವುದು ಅವತ್ತಿಗೆ ಮುಗಿಯಬೇಕಿತ್ತು.

ಉಳಿದದ್ದನ್ನು ಅತ್ತೆ ಸೊಸೆಯೇ ಕೂತು ಮಾಡಿದರು, ನಾನು ಕಾಫಿ ತರಿಸಿದೆ. ಕಾಗದ ಅರಿಶಿನದ ಬಣ್ಣಕ್ಕೆ, ಅಕ್ಷರ ಕುಂಕುಮದ ಬಣ್ಣಕ್ಕೆ ತಿರುಗಿತು. ಕಾಫಿ ಹೂವು ಹಾಗೆಯೇ ಉಳಿಯಿತು. ಒಂದೇ ಬಣ್ಣದ ಅಚ್ಚು, ಫಾಯಿಲ್ ಇಲ್ಲ, ಒಂದೇ ಮಡಿಕೆ. ತಲೆಯಲ್ಲಿ ಮನೆದೇವರ ಹೆಸರು ಬೇಕೆಂದರು, ಬಂತು. "ಸ್ವಸ್ತಿಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕ" ಎಂಬ ಉದ್ದದ ಸಾಲೂ ಬೇಕೆಂದರು. ಆಗ ಹುಡುಗಿ ಮೆಲ್ಲಗೆ, "ಅತ್ತೆ, ಈ ಸಲ ಸಂವತ್ಸರದ ಹೆಸರು ಕ್ರೋಧಿ" ಎಂದಳು. ಅವತ್ತು ಮೂವರೂ ಮೊದಲ ಬಾರಿ ನಕ್ಕರು. ತಿಥಿ, ನಕ್ಷತ್ರ, ಸಂವತ್ಸರವೆಲ್ಲ ಪುರೋಹಿತರು ನಿಶ್ಚಿತಾರ್ಥದ ದಿನ ಕೈಯಲ್ಲಿ ಬರೆದುಕೊಟ್ಟ ಲಗ್ನಪತ್ರಿಕೆಯಲ್ಲಿ ಇದ್ದೇ ಇದೆ. ನಿಜ ಹೇಳಬೇಕೆಂದರೆ ಲಗ್ನಪತ್ರಿಕೆ ಎಂದರೆ ಅದೇ, ಅಚ್ಚಿನದು ಬರೀ ಕರೆಯೋಲೆ. ಅಚ್ಚಿನದಕ್ಕೆ ದಿನ, ವಾರ, ಲಗ್ನ, ಹೊತ್ತು ಸಾಕು ಎಂದಾಯಿತು.

ಸರಳ ಕನ್ನಡಕ್ಕೆ ತಾಯಿ ಒಪ್ಪುತ್ತಾರೋ ಎಂಬ ಅನುಮಾನ ನನಗಿತ್ತು. ಆಕೆಯೇ, "ಹಿರೇಮಗಳೂರಲ್ಲಿ ಕೋದಂಡರಾಮನಿಗೇ ಕನ್ನಡದಲ್ಲಿ ಪೂಜೆ ಆಗುತ್ತೆ, ನಮ್ಮನೆ ನೆಂಟರಿಗೆ ಆಗಲ್ವಾ?" ಎಂದರು. ಹೆಸರು ಯಾರದ್ದು ಮೊದಲು ಎಂಬ ಪ್ರಶ್ನೆಗೂ ಅದೇ ಗುಡಿಯಿಂದ ಉತ್ತರ ತಂದರು. ಸಾಮಾನ್ಯವಾಗಿ ರಾಮನ ಎಡಕ್ಕಿರುವ ಸೀತೆ ಅಲ್ಲಿ ಬಲಕ್ಕೆ ನಿಂತಿದ್ದಾಳೆ, ಮದುವೆ ಹೆಣ್ಣು ನಿಲ್ಲುವ ಹಾಗೆ. ರಾಮನ ಬಲವೆಂದರೆ ನೋಡುವವರಿಗೆ ಎಡ. ಕನ್ನಡ ಓದುವುದು ಎಡದಿಂದ. "ಅವಳ ಹೆಸರೇ ಮೊದ್ಲು ಬರ್ಲಿ."

ನಾನು ಸೇರಿಸಿದ್ದು ಎರಡು ಒಣ ಮಾತು. ಮದುವೆ ನೋಂದಣಿಗೆ ಹೋದಾಗ ಈ ಪತ್ರಿಕೆಯನ್ನೂ ಕೇಳುತ್ತಾರೆ. ಆಧಾರ್‌ನಲ್ಲಿರುವ ಹೆಸರೇ ಇರಲಿ, ಕರೆಯುವ ಹೆಸರು ಬೇಡ. ಮತ್ತೆ, ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿದ ಯೂನಿಕೋಡ್ ಅಕ್ಷರ ಪ್ರೆಸ್‌ನ ಹಳೆಯ ‘ನುಡಿ’, ‘ಶ್ರೀಲಿಪಿ’ ತಂತ್ರಾಂಶಗಳಿಗೆ ಇಳಿಯುವಾಗ ಒತ್ತಕ್ಷರ ಉದುರುತ್ತವೆ, ಅರ್ಕಾವತ್ತು ಜಾಗ ಬದಲಿಸುತ್ತದೆ. ಪ್ರೂಫನ್ನು ಫೋನಿನಲ್ಲಲ್ಲ, ಕಾಗದದ ಮೇಲೆ, ಮದುವೆಗೆ ಸಂಬಂಧವಿಲ್ಲದ ಒಬ್ಬರಿಂದ ಓದಿಸಿ. ಓದಿದವಳು ನಾನೇ. ಛತ್ರದ ಹೆಸರಿನಲ್ಲಿ ಒಂದು ಒತ್ತು ಬಿದ್ದುಹೋಗಿತ್ತು, ಸರಿಮಾಡಿಸಿದೆವು.

450 ಪ್ರತಿ, ಒಂದಕ್ಕೆ 24 ರೂಪಾಯಿಯಂತೆ 10,800. ಮೊದಲ ಪ್ರತಿಗೆ ಅರಿಶಿನ ಹಚ್ಚಿ ಮನೆದೇವರ ಮುಂದಿಟ್ಟರು. ಎರಡನೆಯದನ್ನು ತಾಯಿ, ಮಗ, ಸೊಸೆ ಮೂವರೂ ಹೋಗಿ ದೊಡ್ಡಪ್ಪನ ಮನೆಗೆ ಕೊಟ್ಟರು. ಹಿಂದಿನ ರಾತ್ರಿ ಹುಡುಗ ಒಬ್ಬನೇ ಹೋಗಿ ಮಾತಾಡಿ ಬಂದಿದ್ದ. ದೊಡ್ಡಪ್ಪ ಪತ್ರಿಕೆ ತೆಗೆದುಕೊಂಡರು, ಬಿಡಿಸಿ ನೋಡಲಿಲ್ಲ. ಧಾರೆಗೂ ಬರಲಿಲ್ಲ. ಬೀಗರೂಟಕ್ಕೆ ಬಂದಿದ್ದರು.